ಆರ್ಟ್ ಬ್ಲೇಕಿ, 1958ರ ಬೆಲ್ಜಿಯಂ ಟಿವಿ ಕಾರ್ಯಕ್ರಮ: ಇಲ್ಲಿ ಯಾರು ಯಾರಿಗೆ ಪಕ್ಕವಾದ್ಯ?

ಲಯಹುಚ್ಚು:

ಎಲ್ಲರಿಗೂ ನಮಸ್ಕಾರ. ಜಾಝ್ ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಬೇಕು.

ಆರ್ಟ್ ಬ್ಲೇಕಿ ಮತ್ತು ಅವರ ಜಾಝ್ ಮೆಸೆಂಜರ್ಸ್ ತಂಡ 1958ರ ನವೆಂಬರ್‌ನಲ್ಲಿ ಬೆಲ್ಜಿಯಂ ಟಿವಿಗೆ ನುಡಿಸಿದ ಕಾರ್ಯಕ್ರಮ ಇದೆಯಲ್ಲ, ಕಪ್ಪು ಬಿಳುಪಿನದ್ದು, ಒಂದು ಗಂಟೆಗೆ ಸ್ವಲ್ಪ ಕಡಿಮೆ ಇದೆ, ಅದನ್ನು ಪೂರ್ತಿ ನೋಡಿದೆ. ಐದೇ ಜನ. ಟ್ರಂಪೆಟ್, ಸ್ಯಾಕ್ಸೊಫೋನ್, ಪಿಯಾನೊ, ಡಬಲ್ ಬೇಸ್, ಡ್ರಮ್ಸ್. ತುಂಬಾ ಇಷ್ಟವಾಯಿತು, ಅದರಲ್ಲೂ 'ಮೋನಿನ್' ಅನ್ನೋ ರಚನೆ ತಲೆಯಿಂದ ಹೋಗ್ತಾನೇ ಇಲ್ಲ.

ನಾನು ಮೃದಂಗ ಕಲಿಯುತ್ತಿದ್ದೇನೆ. ನಮ್ಮಲ್ಲಿ ಹಾಡುವವರ ಜೊತೆ ಹೋಗಬೇಕು, ಅವರ ಸಂಗತಿಗೆ ಪೋಷಣೆ ಕೊಡಬೇಕು, ತನಿ, ಅಂದರೆ ಮೃದಂಗ ಒಂಟಿಯಾಗಿ ನುಡಿಸುವ ಭಾಗ, ಬರುವವರೆಗೆ ನಮ್ಮ ಮಾತು ಕಡಿಮೆ ಇರಬೇಕು ಅಂತ ಗುರುಗಳು ಹೇಳಿಕೊಡುತ್ತಾರೆ. ಇಲ್ಲಿ ನೋಡಿದರೆ ಟ್ರಂಪೆಟ್‌ನ ಹುಡುಗ ಮನೋಧರ್ಮದಲ್ಲಿ (ಆ ಕ್ಷಣಕ್ಕೆ ಹೊಳೆದದ್ದನ್ನು) ನುಡಿಸುತ್ತಿರುವಾಗಲೇ ಹಿಂದಿನಿಂದ ಬ್ಲೇಕಿ ಜೋರಾಗಿ ಗುಡುಗುತ್ತಾರೆ, ಮಧ್ಯೆ ಮಧ್ಯೆ ಹೊಡೆತ ಹಾಕುತ್ತಾರೆ, ಒಮ್ಮೊಮ್ಮೆ ಟ್ರಂಪೆಟ್ ಮುಳುಗೇ ಹೋಗುತ್ತದೆ. ಆದರೂ ಆ ಹುಡುಗನಿಗೆ ತೊಂದರೆ ಆದ ಹಾಗೆ ಕಾಣಲ್ಲ.

ಹಾಗಾದರೆ ಇದು ಪಕ್ಕವಾದ್ಯವೋ ಅಥವಾ ಡ್ರಮ್ಸ್‌ನವರೇ ಮುಖ್ಯ ಕಲಾವಿದರೋ? ಇನ್ನೊಂದು, ಇದರಲ್ಲಿ ಎಷ್ಟು ಮೊದಲೇ ಬರೆದಿಟ್ಟದ್ದು, ಎಷ್ಟು ಆ ಕ್ಷಣದ್ದು? ಎಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ಶುರು ಮಾಡಬೇಕು ಅಂತ ಅವರಿಗೆ ಹೇಗೆ ತಿಳಿಯುತ್ತದೆ? ಯಾರೂ ಕೈ ಸನ್ನೆ ಮಾಡುವುದು ನನಗೆ ಕಾಣಲಿಲ್ಲ.

ನೀಲಿಸ್ವರ:

ತುಂಬಾ ಒಳ್ಳೆಯ ಪ್ರಶ್ನೆ, ಮತ್ತೆ ನೀವು ಮೃದಂಗದವರು ಅಂತ ಗೊತ್ತಾಗಿದ್ದರಿಂದ ಉತ್ತರ ಕೊಡುವುದು ಸುಲಭವಾಯಿತು.

ಮೊದಲು ತಂಡದ ಬಗ್ಗೆ ಎರಡು ಮಾತು. ನೀವು ನೋಡಿದ್ದು 1958ರ ನವೆಂಬರ್ 30ರದ್ದು. ಟ್ರಂಪೆಟ್ ಲೀ ಮಾರ್ಗನ್, ಆಗ ಅವರಿಗೆ ಬರೀ 20 ವರ್ಷ. ಟೆನರ್ ಸ್ಯಾಕ್ಸೊಫೋನ್ ಬೆನ್ನಿ ಗೋಲ್ಸನ್, ಪಿಯಾನೊ ಬಾಬಿ ಟಿಮ್ಮನ್ಸ್, ಬೇಸ್ ಜಿಮಿ ಮೆರಿಟ್. ಈ ನಾಲ್ವರೂ ಫಿಲಡೆಲ್ಫಿಯಾದವರು. ಬ್ಲೇಕಿ ಪಿಟ್ಸ್‌ಬರ್ಗ್‌ನವರು, ಆಗ ಅವರಿಗೆ 39. ಗೋಲ್ಸನ್ ಆ ವರ್ಷವೇ ತಂಡಕ್ಕೆ ಬಂದರು, ಬಂದ ಮೇಲೆ ಉಳಿದ ಮೂವರನ್ನು ತಮ್ಮ ಊರಿನಿಂದಲೇ ಕರೆಸಿಕೊಂಡರು. ಈ ಐವರು ಒಟ್ಟಿಗೆ ಇದ್ದದ್ದು ಒಂದು ವರ್ಷವೂ ಇಲ್ಲ. ಅದಕ್ಕೇ ಈ ಟಿವಿ ಚಿತ್ರಕ್ಕೆ ಅಷ್ಟು ಬೆಲೆ.

ಈಗ 'ಮೋನಿನ್'. ಇದು ಟಿಮ್ಮನ್ಸ್ ರಚನೆ. ಅವರು ಪಾದ್ರಿಗಳ ಮನೆತನದಲ್ಲಿ ಬೆಳೆದವರು, ಚರ್ಚಿನಲ್ಲಿ ನುಡಿಸುತ್ತಿದ್ದವರು. ಶುರುವಿನಲ್ಲಿ ಪಿಯಾನೊ ಒಂದು ಮಾತು ಹೇಳುತ್ತದೆ, ಉಳಿದವರು ಎರಡೇ ಸ್ವರಗುಚ್ಛದಲ್ಲಿ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಕಾರ್ಡ್) ಉತ್ತರ ಕೊಡುತ್ತಾರೆ, ಕೇಳಿದಿರಿ ಅಲ್ವಾ? ಕಪ್ಪು ಜನರ ಚರ್ಚುಗಳಲ್ಲಿ ಪಾದ್ರಿ ಒಂದು ಸಾಲು ಹೇಳಿದ ಕೂಡಲೇ ಸೇರಿದವರೆಲ್ಲ 'ಆಮೆನ್' ಅನ್ನುವ ರೀತಿ ಅದು. ಅದನ್ನು ನೇರವಾಗಿ ತಂದು ಜಾಝ್‌ನಲ್ಲಿ ಇಟ್ಟರು. ಹಾರ್ಡ್ ಬಾಪ್ ಅಂದರೆ ಮುಖ್ಯವಾಗಿ ಇದೇ. ಅದಕ್ಕಿಂತ ಹಿಂದಿನ ಬೀಬಾಪ್ ಅನ್ನೋ ಜಾಝ್ ಶೈಲಿಯ ವೇಗ, ಕ್ಲಿಷ್ಟತೆ ಬಿಡದೆ ಅದರೊಳಗೆ ಬ್ಲೂಸ್ ಮತ್ತು ಚರ್ಚಿನ ಹಾಡಿನ ಬಿಸಿ ಸೇರಿಸಿದ್ದು. 1950ರ ದಶಕದ ಮೊದಲಲ್ಲಿ ಅಮೆರಿಕದ ಪಶ್ಚಿಮ ಕರಾವಳಿಯಿಂದ ಬರುತ್ತಿದ್ದ ತಣ್ಣಗಿನ, ನಾಜೂಕಿನ ಜಾಝ್‌ಗೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ಡೆಟ್ರಾಯಿಟ್ ಕಡೆಯವರು ಕೊಟ್ಟ ಉತ್ತರ ಇದು ಅಂತಲೂ ಹೇಳಬಹುದು.

ಗೋಲ್ಸನ್ ಆಮೇಲೆ ಹೇಳಿಕೊಂಡಿದ್ದಾರೆ: ಟಿಮ್ಮನ್ಸ್ ಈ ಎಂಟು ಬಾರ್‌ಗಳನ್ನು (ಬಾರ್ ಅಂದರೆ ತಾಳದ ಒಂದು ಅಳತೆ) ಎರಡು ರಚನೆಗಳ ನಡುವೆ ಸುಮ್ನೆ ಆಟಕ್ಕೆ ನುಡಿಸುತ್ತಿದ್ದರಂತೆ. ಇದಕ್ಕೆ ಒಂದು ಮಧ್ಯಭಾಗ ಕಟ್ಟು, ಪೂರ್ತಿ ರಚನೆ ಆಗುತ್ತದೆ ಅಂತ ಹಠ ಹಿಡಿದು ಬರೆಸಿದ್ದು ಗೋಲ್ಸನ್. ಟಿಮ್ಮನ್ಸ್‌ಗೆ ಅದರಲ್ಲಿ ಅಷ್ಟೇನೂ ಇದೆ ಅಂತ ಅನಿಸಿರಲಿಲ್ಲ!

ಇನ್ನು ಲೆಕ್ಕ. ರಚನೆ 32 ಬಾರ್. ಎಂಟೆಂಟರ ನಾಲ್ಕು ತುಂಡು. ಮೊದಲ ತುಂಡಿನಲ್ಲಿ ಪಿಯಾನೊ ಕೇಳುತ್ತದೆ, ಎರಡನೆಯದರಲ್ಲಿ ಟ್ರಂಪೆಟ್ ಮತ್ತು ಸ್ಯಾಕ್ಸ್ ಕೇಳುತ್ತವೆ, ಮೂರನೆಯದು ಬೇರೆ ಸ್ವರಗಳ ಮಧ್ಯಭಾಗ, ನಾಲ್ಕನೆಯದು ಮೊದಲಿನದೇ ಮತ್ತೆ. ಒಂದು ಬಾರ್‌ಗೆ ನಾಲ್ಕು ಎಣಿಕೆ, ಅಂದರೆ ಒಟ್ಟು 128. ಎಂಟು ಎಣಿಕೆಯ ನಿಮ್ಮ ಆದಿತಾಳದಲ್ಲಿ ಹದಿನಾರು ಆವರ್ತನ ಆಯಿತು. ಬರೆದಿಟ್ಟದ್ದು ಹೆಚ್ಚುಕಡಿಮೆ ಇಷ್ಟೇ, ಈ 32 ಬಾರ್ ಮತ್ತು ಅದರ ಕೆಳಗಿನ ಸ್ವರಗುಚ್ಛಗಳ ಸಾಲು. ಆಮೇಲೆ ಒಬ್ಬೊಬ್ಬರೂ ಅದೇ ಸಾಲಿನ ಮೇಲೆ, ಅದೇ 128ರ ಸುತ್ತಿನೊಳಗೆ ತಮ್ಮ ಮನೋಧರ್ಮ ನುಡಿಸುತ್ತಾರೆ. ಸುತ್ತು ನಿಲ್ಲುವುದೇ ಇಲ್ಲ. ಹಾಗಾಗಿ ಕೈ ಸನ್ನೆ ಬೇಕಿಲ್ಲ, ಎಲ್ಲರ ತಲೆಯಲ್ಲೂ ಅದು ಓಡುತ್ತಿರುತ್ತದೆ.

ಒಮ್ಮೆ ಎಣಿಸಿಕೊಂಡು ನೋಡಿ. ಹೈ-ಹ್ಯಾಟ್ ಅಂದರೆ ಕಾಲಿನಲ್ಲಿ ಮುಚ್ಚುವ ಜೋಡಿ ತಾಳ. ಅದು ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತದೆ. ಅದನ್ನು ಹಿಡಿದುಕೊಂಡರೆ ದಾರಿ ತಪ್ಪಲ್ಲ. ಬ್ಲೇಕಿ ಯಾವಾಗ ಗುಡುಗುತ್ತಾರೆ ಅಂತ ಆಗ ನಿಮಗೇ ಕಾಣುತ್ತದೆ. ಅದನ್ನು ನಾನು ಈಗಲೇ ಹೇಳಲ್ಲ, ಎಣಿಸಿ ಬಂದು ನೀವೇ ಹೇಳಿ.

ಕರಾವಳಿ_ಕಿವಿ:

ನಾನು ತಾಳದ ವಿಷಯಕ್ಕೆ ಹೋಗಲ್ಲ, ಸ್ಯಾಕ್ಸ್ ಬಗ್ಗೆ ಹೇಳುತ್ತೇನೆ. ನಮ್ಮ ಕಡೆ ಸ್ಯಾಕ್ಸೊಫೋನ್ ಅಂದರೆ ಕದ್ರಿ ಗೋಪಾಲನಾಥ್. ದೇವಸ್ಥಾನ, ಮದುವೆ ಎಲ್ಲಾ ಕಡೆ ಅದನ್ನು ಕೇಳಿಯೇ ಬೆಳೆದವರು ನಾವು. ಅವರದು ಆಲ್ಟೊ. ದನಿ ಸ್ವಲ್ಪ ಮೇಲೆ, ಗಮಕಕ್ಕೆ ಹೊಂದುವಂಥದ್ದು. ಗೋಲ್ಸನ್ ಅವರದು ಟೆನರ್, ಅದಕ್ಕಿಂತ ಕೆಳಗಿನ, ಅಗಲದ ದನಿ, ಉಸಿರು ಕೇಳಿಸುತ್ತದೆ. ಆಲ್ಟೊಗೆ ಒಗ್ಗಿದ ಕಿವಿಗೆ ಶುರುವಿನಲ್ಲಿ ಇದು ಮಂದ ಅನಿಸಬಹುದು. ಸ್ವಲ್ಪ ಹೊತ್ತು ಕೇಳಿ, ಆಮೇಲೆ ಅದರ ಮಜಾ ಬೇರೆಯೇ. (ಇಲ್ಲೊಂದು ಕಾಕತಾಳೀಯ ಹೇಳಲೇಬೇಕು. ಬ್ಲೇಕಿ ಹುಟ್ಟಿದ್ದು 1919ರ ಅಕ್ಟೋಬರ್ 11. ಕದ್ರಿಯವರು ತೀರಿಕೊಂಡದ್ದು 2019ರ ಅಕ್ಟೋಬರ್ 11.)

ಗೋಲ್ಸನ್ ಅವರನ್ನು ನುಡಿಸುವವರಾಗಿ ಮಾತ್ರ ನೋಡಬೇಡಿ. ಈ ಕಾರ್ಯಕ್ರಮದಲ್ಲಿ ಬರುವ 'ಜಸ್ಟ್ ಬೈ ಮೈಸೆಲ್ಫ್', 'ವಿಸ್ಪರ್ ನಾಟ್', 'ಐ ರಿಮೆಂಬರ್ ಕ್ಲಿಫರ್ಡ್' ಮೂರೂ ಅವರದೇ.

ಕ್ಲಿಫರ್ಡ್ ಯಾರು ಅಂತ ತಿಳಿದುಕೊಂಡು ಇನ್ನೊಮ್ಮೆ ಅದನ್ನು ನೋಡಿ, ದಯವಿಟ್ಟು. ಕ್ಲಿಫರ್ಡ್ ಬ್ರೌನ್. ಟ್ರಂಪೆಟ್ ವಾದಕರು. 1954ರಲ್ಲಿ ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಇದೇ ಬ್ಲೇಕಿ ಜೊತೆ ನುಡಿಸಿದ್ದರು. 1956ರ ಜೂನ್ 26ರಂದು ಪೆನ್ಸಿಲ್ವೇನಿಯಾ ಹೆದ್ದಾರಿಯಲ್ಲಿ ಕಾರು ಅಪಘಾತದಲ್ಲಿ ಹೋಗಿಬಿಟ್ಟರು. 25 ವರ್ಷ ಅಷ್ಟೇ. ಜೊತೆಗಿದ್ದ ಪಿಯಾನೊ ವಾದಕ ರಿಚೀ ಪೊವೆಲ್ ಮತ್ತು ಅವರ ಹೆಂಡತಿ ನ್ಯಾನ್ಸಿ ಕೂಡ ಉಳಿಯಲಿಲ್ಲ. ಆಗ ಗೋಲ್ಸನ್ ಡಿಝಿ ಗಿಲೆಸ್ಪಿ ಅವರ ದೊಡ್ಡ ತಂಡದಲ್ಲಿದ್ದರು. ಹಾರ್ಲೆಮ್‌ನ ಅಪೊಲೊ ಥಿಯೇಟರ್‌ನಲ್ಲಿ ಒಂದು ಪ್ರದರ್ಶನ ಮುಗಿಸಿ ಇನ್ನೊಂದಕ್ಕೆ ಕಾಯುತ್ತಿದ್ದಾಗ ಸುದ್ದಿ ಬಂತಂತೆ. ಗೆಳೆಯನಿಗಾಗಿ ಬರೆದ ರಚನೆ ಇದು.

ಇದನ್ನು ಬೆಲ್ಜಿಯಂನಲ್ಲಿ ಮುಂದೆ ನಿಂತು ನುಡಿಸುವವರು ಯಾರು? ಲೀ ಮಾರ್ಗನ್. ಕ್ಲಿಫರ್ಡ್ ಬ್ರೌನ್‌ರನ್ನು ಆದರ್ಶ ಅಂದುಕೊಂಡು ಟ್ರಂಪೆಟ್ ಹಿಡಿದ ಹುಡುಗ. 1957ರ ಮಾರ್ಚ್‌ನಲ್ಲಿ, ಇನ್ನೂ 18 ವರ್ಷ ಇದ್ದಾಗಲೇ, ಇದನ್ನು ತಮ್ಮ ಸ್ವಂತ ರೆಕಾರ್ಡಿನಲ್ಲಿ ನುಡಿಸಿದ್ದರು. ಇಲ್ಲಿ ಬ್ಲೇಕಿ ಎಷ್ಟು ಸದ್ದಿಲ್ಲದೆ ಇದ್ದಾರೆ ನೋಡಿ. ಡ್ರಮ್ಸ್ ಮುಳುಗಿಸಿಬಿಡುತ್ತದೆ ಅಂದಿರಲ್ಲ, ಅದೇ ಮನುಷ್ಯ ಇಲ್ಲಿ ಹೇಗೆ ಹಿಂದೆ ಸರಿದಿದ್ದಾರೆ ಅಂತ ಗಮನಿಸಿ.

ಮಾರ್ಗನ್ ಕೂಡ ಜಾಸ್ತಿ ದಿನ ಬದುಕಲಿಲ್ಲ. 1972ರಲ್ಲಿ ನ್ಯೂಯಾರ್ಕ್‌ನ ಸ್ಲಗ್ಸ್ ಅನ್ನೋ ಕ್ಲಬ್ಬಿನಲ್ಲಿ, ಕಾರ್ಯಕ್ರಮದ ರಾತ್ರಿಯೇ, ಗುಂಡೇಟಿಗೆ ಸತ್ತರು. 33 ವರ್ಷ. ಟಿಮ್ಮನ್ಸ್ 1974ರಲ್ಲಿ, 38ಕ್ಕೆ. ಗೋಲ್ಸನ್ ಮಾತ್ರ 2024ರವರೆಗೆ ಇದ್ದರು, 95 ವರ್ಷ ತುಂಬು ಬಾಳು ಬಾಳಿದರು, ಇವರೆಲ್ಲರ ಬಗ್ಗೆ ಕೊನೆಯವರೆಗೂ ಪ್ರೀತಿಯಿಂದ ಹೇಳುತ್ತಲೇ ಇದ್ದರು.

ಹಳೇತಟ್ಟೆ:

ಎಲ್ಲಾ ಸರಿ, ಆದರೆ ನನ್ನ ಅಭಿಪ್ರಾಯ ಬೇರೆ. ಈ ತಂಡವನ್ನು ಮೊದಲ ಸಲ ಕೇಳುವವರು ಟಿವಿ ಚಿತ್ರದಿಂದ ಶುರು ಮಾಡಬಾರದು, ರೆಕಾರ್ಡಿನಿಂದ ಶುರು ಮಾಡಬೇಕು. ಟಿವಿಯವರ ಮೈಕು, ಆ ಕಾಲದ ಸೌಂಡು, ಡ್ರಮ್ಸ್ ಮುಂದೆ ಬಂದು ಟ್ರಂಪೆಟ್ ಹಿಂದೆ ಹೋಗಿದ್ದರಲ್ಲಿ ಅದರದೂ ಪಾಲು ಇರುತ್ತದೆ. ಪ್ರಶ್ನೆ ಕೇಳಿದವರಿಗೆ ಟ್ರಂಪೆಟ್ ಮುಳುಗಿದಂತೆ ಅನಿಸಿದ್ದನ್ನು ಪೂರ್ತಿ ಬ್ಲೇಕಿ ತಲೆಗೆ ಕಟ್ಟುವುದು ಸರಿಯಲ್ಲ.

ಬ್ಲೂ ನೋಟ್ ರೆಕಾರ್ಡ್ ಕಂಪನಿಗೆ 'ಮೋನಿನ್' ಧ್ವನಿಮುದ್ರಣ ಆದದ್ದು 1958ರ ಅಕ್ಟೋಬರ್ 30, ಬೆಲ್ಜಿಯಂ ಕಾರ್ಯಕ್ರಮಕ್ಕೆ ಸರಿಯಾಗಿ ಒಂದು ತಿಂಗಳು ಮುಂಚೆ. ಅದೇ ಐವರು. (ಕರಾವಳಿಯವರು ತಾರೀಖು ಹೇಳಿದರು ಅಂತ ನಾನೂ ಹೇಳುತ್ತೇನೆ, ಅಕ್ಟೋಬರ್ 30 ಕ್ಲಿಫರ್ಡ್ ಬ್ರೌನ್ ಹುಟ್ಟಿದ ದಿನ.) ಮುದ್ರಿಸಿದವರು ರೂಡಿ ವ್ಯಾನ್ ಗೆಲ್ಡರ್. ಹಗಲು ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ಕೆಲಸ, ಉಳಿದ ಹೊತ್ತಿನಲ್ಲಿ ನ್ಯೂಜೆರ್ಸಿಯ ಹ್ಯಾಕೆನ್‌ಸ್ಯಾಕ್‌ನಲ್ಲಿ ಅಪ್ಪ ಅಮ್ಮನ ಮನೆಯ ಹಾಲ್‌ನಲ್ಲೇ ಸ್ಟುಡಿಯೊ. ಆ ಹಾಲ್‌ನಲ್ಲಿ ಮುದ್ರಿಸಿದ ಒಂದೊಂದು ವಾದ್ಯವೂ ಪಕ್ಕದಲ್ಲಿ ನಿಂತ ಹಾಗೆ ಕೇಳುತ್ತದೆ. ಬೇಸ್‌ನ ತಂತಿ ಬೆರಳಿಗೆ ಸಿಕ್ಕಿದ್ದು ಸಹ ಕೇಳುತ್ತದೆ. ಟಿವಿಯಲ್ಲಿ ಮೆರಿಟ್ ಅವರ ಬೇಸ್ ಅಷ್ಟು ಸ್ಪಷ್ಟವಾಗಿ ಸಿಗಲ್ಲ, ಅದು ಆ ಮನುಷ್ಯನಿಗೆ ಅನ್ಯಾಯ. ಜಾಝ್ ಕಿವಿಯ ವಿದ್ಯೆ. ಮೊದಲು ಕಿವಿ ತಯಾರಾಗಲಿ, ಆಮೇಲೆ ನೋಡಲಿ.

ಲಯಹುಚ್ಚು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ.

ನೀಲಿಸ್ವರ ಅವರೇ, ಎಣಿಸಿದೆ. ಹೈ-ಹ್ಯಾಟ್ ಹಿಡಿದು ಕೂತೆ, ಎರಡು ನಾಲ್ಕು, ಎರಡು ನಾಲ್ಕು. ಬ್ಲೇಕಿ ಬೇಕಾದಲ್ಲಿ ಗುಡುಗುವುದಲ್ಲ. ಸ್ನೇರ್ ಡ್ರಮ್ ಮೇಲೆ ಸಣ್ಣಗೆ ಶುರುವಾಗಿ ದಪ್ಪವಾಗುತ್ತಾ ಬರುವ ಆ ಉರುಳು ಬಹಳಷ್ಟು ಸಲ ತುಂಡಿನ ಕೊನೆಯ ಬಾರ್‌ಗಳಲ್ಲೇ ಬರುತ್ತದೆ, ಹೊಸ ಸುತ್ತಿನ ಮೊದಲ ಎಣಿಕೆಗೆ ತಂದು ಬಿಡುತ್ತದೆ. ನಮ್ಮಲ್ಲಿ ತೀರ್ಮಾನ (ಮುಕ್ತಾಯದ ನುಡಿ) ನುಡಿಸಿ ಸಮಕ್ಕೆ, ಅಂದರೆ ತಾಳದ ಮೊದಲ ಎಣಿಕೆಗೆ, ತಂದು ಕೊಡುವ ಕೆಲಸವೇ ಇದು! ಹೊಸ ಸುತ್ತಿಗೆ ಹೋಗುತ್ತಿದ್ದೇವೆ, ತಯಾರಾಗು ಅಂತ ಮಾರ್ಗನ್‌ಗೆ ಹೇಳಿದ ಹಾಗೆ. ನಡುವಿನ ಒಂಟಿ ಹೊಡೆತಗಳು ಹೆಚ್ಚಾಗಿ ಮಾರ್ಗನ್ ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಬೀಳುತ್ತವೆ.

ಆದರೂ ನನ್ನ ಪ್ರಶ್ನೆ ಪೂರ್ತಿ ಹೋಗಿಲ್ಲ. ಸುತ್ತು ತೋರಿಸುವುದಕ್ಕೆ ಅಷ್ಟು ಜೋರು ಬೇಕಾ?

ನೀಲಿಸ್ವರ:

ಇದನ್ನೇ ಕಾಯುತ್ತಿದ್ದೆ.

ಜೋರು ಬೇಕು. ಯಾಕೆ ಅಂತ ಗೋಲ್ಸನ್ ಮಾತಲ್ಲೇ ಗೊತ್ತಾಗುತ್ತದೆ. ಅವರು ತಂಡಕ್ಕೆ ಬಂದ ಹೊಸದರಲ್ಲಿ ಮೃದುವಾಗಿ, ನಯವಾಗಿ ನುಡಿಸುತ್ತಿದ್ದರಂತೆ. ಒಂದು ರಾತ್ರಿ ಬ್ಲೇಕಿ ಆ ಉರುಳನ್ನು ಎಂದಿಗಿಂತ ಬಹಳ ಮುಂಚೆಯೇ ಶುರು ಮಾಡಿ ಸ್ಯಾಕ್ಸ್ ಕೇಳದಷ್ಟು ಜೋರು ಮಾಡಿದರು. ಗೋಲ್ಸನ್ ಗಾಬರಿಯಾಗಿ ಇನ್ನೂ ಗಟ್ಟಿಯಾಗಿ ನುಡಿಸಬೇಕಾಯಿತು, ಆಗ ಹಿಂದಿನಿಂದ ಬ್ಲೇಕಿ, ಆ ಗುಂಡಿಯಿಂದ ಎದ್ದು ಬಾ ಅಂತ ಕೂಗಿದರಂತೆ. ನಾನು ಅಷ್ಟು ದಿನ ಗುಂಡಿಯಲ್ಲೇ ಇದ್ದೆ ಅಂತ ಆಗ ಅರ್ಥವಾಯಿತು ಅಂತ ಗೋಲ್ಸನ್ ಎಷ್ಟೋ ಸಂದರ್ಶನಗಳಲ್ಲಿ ನಗುತ್ತಾ ಹೇಳಿದ್ದಾರೆ.

ಈಗ ಈ ಟಿವಿ ಚಿತ್ರ ಮತ್ತೆ ನೋಡಿ. ಬ್ಲೇಕಿ ಮಾರ್ಗನ್‌ನನ್ನು ಮುಳುಗಿಸುತ್ತಿಲ್ಲ, ಮೇಲಕ್ಕೆ ತಳ್ಳುತ್ತಿದ್ದಾರೆ. ಇಪ್ಪತ್ತರ ಹುಡುಗ, ಕೈಚಳಕ ಬೇಕಾದಷ್ಟಿದೆ, ಅಷ್ಟರಲ್ಲೇ ತೃಪ್ತಿ ಪಟ್ಟುಕೊಂಡು ಎರಡನೇ ಸುತ್ತಿನಲ್ಲಿ ಮೊದಲನೆಯದನ್ನೇ ಮತ್ತೆ ಹೇಳಿಬಿಡಬಹುದು. ಹಿಂದಿನಿಂದ ಅಂಥ ಅಲೆ ಎದ್ದು ಬಂದರೆ ಹಾಗೆ ಮಾಡಲು ಆಗಲ್ಲ, ಹೊಸದೇನಾದರೂ ಹೇಳಲೇಬೇಕು. ಹಾಗಾಗಿ ಪಕ್ಕವಾದ್ಯವೋ ಮುಖ್ಯವೋ ಅನ್ನುವ ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಪಕ್ಕವಾದ್ಯವೇ. ಆದರೆ ಬ್ಲೇಕಿ ಲೆಕ್ಕದಲ್ಲಿ ಪಕ್ಕವಾದ್ಯದ ಕೆಲಸ ಮುಂದಿರುವವರನ್ನು ಆರಾಮಾಗಿ ಇರಿಸುವುದಲ್ಲ. ಈ ತಂಡದಿಂದ ಆಮೇಲೆ ಜಾಝ್‌ನಲ್ಲಿ ದೊಡ್ಡ ಹೆಸರಾದ ವೇಯ್ನ್ ಶಾರ್ಟರ್, ಫ್ರೆಡ್ಡಿ ಹಬರ್ಡ್, ಕೀತ್ ಜ್ಯಾರೆಟ್, ವಿಂಟನ್ ಮಾರ್ಸಾಲಿಸ್ ಎಲ್ಲಾ ಹಾದು ಹೋದರು. 1990ರಲ್ಲಿ ಸಾಯುವ ವರ್ಷದವರೆಗೂ ಹುಡುಗರನ್ನು ಕರೆದುಕೊಂಡು ಬಂದು ಹೀಗೆಯೇ ತಯಾರು ಮಾಡಿ ಕಳಿಸುತ್ತಿದ್ದರು.

ಹಳೇತಟ್ಟೆ ಅವರೇ, ಸೌಂಡಿನ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ, ಮೆರಿಟ್ ಬಗ್ಗೆ ಇನ್ನೂ ಜಾಸ್ತಿ ಒಪ್ಪುತ್ತೇನೆ. ಆದರೆ ರೆಕಾರ್ಡಿನಲ್ಲಿ ಬ್ಲೇಕಿಯ ಉರುಳು ಕೇಳಿಸುತ್ತದೆ, ಅಷ್ಟೇ. ಟಿವಿಯಲ್ಲಿ ಅವರು ನುಡಿಸುತ್ತಾ ಮುಂದಿರುವವರನ್ನು ಹೇಗೆ ಕೇಳಿಸಿಕೊಳ್ಳುತ್ತಾರೆ ಅನ್ನುವುದು ಕಾಣುತ್ತದೆ. ಇನ್ನೊಬ್ಬರು ಕೇಳಿಸಿಕೊಳ್ಳುತ್ತಿರುವುದನ್ನು ಯಾವ ಮೈಕೂ ಹಿಡಿಯಲ್ಲ. ತಾಳವಾದ್ಯ ಕಲಿಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ ಅಂತ ನನಗೆ ಖಂಡಿತ ಅನಿಸುತ್ತದೆ. ಇಂಥ ಚಿತ್ರಗಳು ಉಳಿದಿದ್ದೇ ನಮ್ಮ ಪುಣ್ಯ. ಈ ಕಲಾವಿದರ ಸ್ವಂತ ದೇಶದ ಟಿವಿಗಿಂತ ಯುರೋಪಿನ ಟಿವಿಗಳು ಇವರಿಗೆ ಪೂರ್ತಿ ಕಛೇರಿಗೆ ಬೇಕಾದಷ್ಟು ಹೊತ್ತು ಕೊಟ್ಟವು. ಆ ಫಿಲ್ಮ್ ಡಬ್ಬಿಗಳು ದಶಕಗಳ ಕಾಲ ಕಪಾಟಿನಲ್ಲೇ ಇದ್ದು, 2006ರಲ್ಲಿ 'ಜಾಝ್ ಐಕಾನ್ಸ್' ಡಿವಿಡಿ ಮಾಲೆಯಲ್ಲಿ ಹೊರಬಂದವು. ಈ ಬ್ಲೇಕಿ ಕಾರ್ಯಕ್ರಮ ಅದರ ಮೊದಲ ಕಂತಿನಲ್ಲೇ ಇತ್ತು.

ಕೋಲುಕೈ:

ನಾನು ಬೆಂಗಳೂರಿನಲ್ಲಿ ಡ್ರಮ್ಸ್ ನುಡಿಸುತ್ತೇನೆ, ಒಂದು ತಾಂತ್ರಿಕ ವಿಷಯ ಸೇರಿಸುತ್ತೇನೆ. ನೀವು ಉರುಳು ಅಂದದ್ದಕ್ಕೆ ನಾವು ಪ್ರೆಸ್ ರೋಲ್ ಅನ್ನುತ್ತೇವೆ. ಎರಡೂ ಕೋಲನ್ನು ಸ್ನೇರ್ ಮೇಲೆ ಒತ್ತಿ ಹಿಡಿದು, ಒಂದೊಂದು ಕೈಯಲ್ಲೂ ಕೋಲು ತಾನಾಗಿ ಪುಟಿಯುವ ಹಾಗೆ ಬಿಡಬೇಕು. ಪುಟಿತ ನಿಲ್ಲುವ ಮೊದಲು ಇನ್ನೊಂದು ಕೈ ಬಂದಿರಬೇಕು. ಹೇಳಲು ಸುಲಭ. ಅದನ್ನು ಪಿಸುಮಾತಿನಿಂದ ಗರ್ಜನೆಯವರೆಗೆ, ನಡೆ ಕದಲದೆ, ಎರಡೇ ಬಾರ್‌ನಲ್ಲಿ ಏರಿಸುವುದು ಬಹಳ ಕಷ್ಟ. ಆ ಹೊತ್ತಿನಲ್ಲೂ ಎಡಗಾಲಿನ ಹೈ-ಹ್ಯಾಟ್ ಎರಡು ನಾಲ್ಕಕ್ಕೆ ಬೀಳುತ್ತಲೇ ಇರುತ್ತದೆ ನೋಡಿ. ಅದೇ ಬ್ಲೇಕಿ.

ಕೊನೆಯಲ್ಲಿ ಬರುವ 'ಎ ನೈಟ್ ಇನ್ ಟುನೀಸಿಯ', ಡಿಝಿ ಗಿಲೆಸ್ಪಿ ರಚನೆ, ಅದನ್ನು ಮಾತ್ರ ಬ್ಲೇಕಿಯ ತನಿ ಅಂತ ತಿಳಿದು ನೋಡಿ. ಅಲ್ಲಿ ನಿಜವಾಗಿಯೂ ಅವರೇ ಮುಖ್ಯ.

ಮೃದಂಗ ಮತ್ತು ಜಾಝ್ ಒಟ್ಟಿಗೆ ಹೇಗಿರುತ್ತದೆ ಅಂತ ಕೇಳಬೇಕಿದ್ದರೆ ನಮ್ಮ ಊರಿನದೇ ಇದೆ. ಟಿ.ಎ.ಎಸ್. ಮಣಿ ಮತ್ತು ಆರ್.ಎ. ರಮಾಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಅನ್ನೋ ರೆಕಾರ್ಡ್ ಮಾಡಿತು. ಹಾರ್ಡ್ ಬಾಪ್ ಅಲ್ಲ, ಬೇರೆಯೇ ದಾರಿ. ಆದರೆ ನಿಮ್ಮ ಕೈಗೆ ಹತ್ತಿರದ್ದು.

ಹಳೇತಟ್ಟೆ:

ನೀಲಿಸ್ವರ ಅವರೇ, ಕೇಳಿಸಿಕೊಳ್ಳುವುದು ಕಾಣುತ್ತದೆ ಅನ್ನುವ ಮಾತು ಒಪ್ಪಿದೆ. ಆದರೂ ಮೆರಿಟ್‌ಗಾಗಿ ರೆಕಾರ್ಡ್ ಒಮ್ಮೆ ಕೇಳಿಯೇ ಕೇಳಿ ಅಂತ ಪ್ರಶ್ನೆ ಕೇಳಿದವರಿಗೆ ಮತ್ತೆ ಹೇಳುತ್ತೇನೆ. 'ಮೋನಿನ್' ಕೊನೆಯ ಭಾಗದಲ್ಲಿ ಬೇಸ್ ಒಂಟಿಯಾಗಿ ಮಾತಾಡುತ್ತದೆ. ಇಯರ್‌ಫೋನ್ ಹಾಕಿಕೊಂಡು, ಬೇರೆ ಕೆಲಸ ಬಿಟ್ಟು.

ಲಯಹುಚ್ಚು:

ಖಂಡಿತ ಕೇಳುತ್ತೇನೆ ಸರ್. ಕೋಲುಕೈ ಅವರೇ, 'ಜ್ಯೋತಿ' ಬಗ್ಗೆ ಗೊತ್ತೇ ಇರಲಿಲ್ಲ, ನಮ್ಮ ಗುರುಗಳಿಗೂ ಕೇಳಿಸುತ್ತೇನೆ.

ಕೊನೆಯದಾಗಿ ಒಂದು. ಬೆಲ್ಜಿಯಂ ಆದ ಮೇಲೆ ಟಿವಿಯದೇ ಇನ್ನೊಂದು ನೋಡಬೇಕು ಅಂದರೆ ಯಾವುದು? ಐದು ಜನರ ತಂಡವೇ ಆಗಿದ್ದರೆ ಒಳ್ಳೆಯದು, ಎಣಿಸುವುದಕ್ಕೆ ಅಭ್ಯಾಸ ಆಗಿದೆ.

ನೀಲಿಸ್ವರ:

ಹೊರೇಸ್ ಸಿಲ್ವರ್ ಕ್ವಿಂಟೆಟ್, 1968, ಡೆನ್ಮಾರ್ಕ್‌ನ ಕೋಪನ್‌ಹೇಗನ್. ಸಿಲ್ವರ್ ಪಿಯಾನೊ ವಾದಕರು, ಜಾಝ್ ಮೆಸೆಂಜರ್ಸ್ ಹೆಸರನ್ನು ಬ್ಲೇಕಿ ಜೊತೆ ಸೇರಿ ಕಟ್ಟಿದವರು. 1956ರಲ್ಲಿ ಬೇರೆಯಾಗಿ ಸ್ವಂತ ತಂಡ ಮಾಡಿಕೊಂಡರು. ಅಲ್ಲಿ ಡ್ರಮ್ಸ್‌ನಲ್ಲಿ ಕೂತಿರುವವರು ಬಿಲ್ಲಿ ಕೋಬಮ್, ಆಗಿನ್ನೂ 23ರ ಹುಡುಗ. ಈಗ ಲೆಕ್ಕ ತಿರುಗಿದೆ. ಹಿರಿಯರು ಪಿಯಾನೊದಲ್ಲಿ, ಹುಡುಗ ಡ್ರಮ್ಸ್‌ನಲ್ಲಿ. ಮುಂದೆ ನುಡಿಸುವವರಿಗೆ ಸಿಲ್ವರ್ ಪಿಯಾನೊದಿಂದಲೇ ಚಿಕ್ಕ ಚಿಕ್ಕ ಕುಟುಕು ಕೊಡುತ್ತಾರೆ, ಕೋಬಮ್ ಅದನ್ನು ಹಿಡಿದುಕೊಂಡು ಏರಿಸುತ್ತಾರೆ. ಸಿಲ್ವರ್ ಎಡಗೈ ಕಾಣುವ ಶಾಟ್‌ಗಳನ್ನು ಬಿಡಬೇಡಿ.